ಟಿಕೇಟ ನನ್ನ ಹೆಸರಿಲೆ, ಇದ್ದದ್ದು ಮಗನ ಫೋನಿನ್ಯಾಗ

ಹ್ವಾದ ವಾರ ಹಿಂದಿನ ಮನಿ ವೈನಿ ಗಿರಣಿಗೆ ಜ್ವಾಳ ಒಯ್ಯಾವ್ರು ನಡುವ ನಮ್ಮ ಕಟ್ಟಿಮ್ಯಾಲ ಬುಟ್ಟಿ ಇಳಿಸಿ ಕುಂತ್ರು. ಅವರ ಮಗಳು ಕೆನಡಾದಾಗ ಇರತಾಳ, ಈಗ ಏಳು ತಿಂಗಳ ಬಸರಿ. ಬಾಣಂತನಕ್ಕ ಇವರು ಒಬ್ಬರ ಹೊಂಟಾರ. "ಅಕ್ಕಾ, ನೀವು ಹೋಗಿ ಬಂದೀರಿ, ಏನೇನ ಕಾಗದ ಕೈಯಾಗ ಇಟ್ಕೋಬೇಕ್ರಿ?" ಅಂದ್ರು. ನಾ ಬಾಯಿ ತಗಿಯೂದ್ರಾಗ ಜೋಡಿ ಬಂದಿದ್ದ ಅವರ ಮಗ ನಕ್ಕಬಿಟ್ಟ. "ಕಾಕು, ಪೇಪರ್ ಟಿಕೇಟ ಹೋಗಿ ಎಷ್ಟು ವರ್ಷ ಆತು! ಎಲ್ಲಾ ನನ್ನ ಮೊಬೈಲಿನ್ಯಾಗ ಐತಿ. ಅವ್ವ ಸುಮ್ಮ ಹೋಗಿ ಕುಂದ್ರೂದಷ್ಟ."

ಆ ಹುಡುಗನ ಮ್ಯಾಲ ನನಗ ಸಿಟ್ಟಿಲ್ಲ. 2023ರಾಗ ನನ್ನ ಮಗನೂ ಹಿಂಗ ಅಂದಿದ್ದ, ನಾನೂ ಹೂಂ ಅಂದ ಹೋಗಿದ್ನಿ. ಅದಕ್ಕ ಇವತ್ತ ಒಲಿಮ್ಯಾಲ ಬ್ಯಾಳಿ ಇಟ್ಟು ಇದನ್ನ ಬರ್ಯಾಕ ಕುಂತೀನಿ. ಒಂದ ಏರ್‌ಲೈನ್‌ನ ವಿಮಾನ ಹತ್ತಿ ಇಳಿಯೂದಿದ್ರ ಆ ಹುಡುಗನ ಮಾತು ನಡೀತೈತಿ. ಟಿಕೇಟ ಕೊಟ್ಟಾವ್ರು ಒಬ್ಬರು, ನಡುವ ಹತ್ತೂ ವಿಮಾನ ಇನ್ನೊಬ್ಬರದು ಅಂದಾಗ ನಡ್ಯೂದಿಲ್ಲ. ನಮ್ಮ ಕಡೆಯಿಂದ ಬಾಣಂತನಕ್ಕಂತ ಹೊರದೇಶಕ್ಕ ಹೋಗೂ ಹೆಣಮಕ್ಕಳದು ಹೆಚ್ಚಾಗಿ ಇದ ಎರಡನೇ ತರದ ಪ್ರಯಾಣ.

ಮೊದಲ ಹುಡುಗ ಹೇಳಿದ್ದು ಖರೇ ಅನ್ನೂದನ್ನ ಒಪ್ಪಿಕೊಂಡ ಮುಂದ ಹೋಗೂಣು. ಜಗತ್ತಿನ ಏರ್‌ಲೈನ್‌ಗಳದು ಒಂದು ಸಂಘ ಐತಿ, ಐಯಾಟಾ ಅಂತಾರ. 2004ರಾಗ ಅವರು ಕಾಗದದ ಟಿಕೇಟ ಬಂದ್ ಮಾಡೂದಂತ ಠರಾವು ಮಾಡಿದ್ರು. 2007ರ ಕಡೀಕ ಮುಗಸ್ತೀವಿ ಅಂದವ್ರು ಸ್ವಲ್ಪ ಮುಂದ ಹಾಕಿ, 2008ರ ಜೂನ್ 1ರಿಂದ ಏಜೆಂಟರಿಗೆ ಕಾಗದದ ಟಿಕೇಟ ಕೊಡೂದನ್ನ ನಿಲ್ಲಿಸೇಬಿಟ್ರು. ಒಂದು ಕಾಗದದ ಟಿಕೇಟಿಗೆ ಸುಮಾರು 10 ಡಾಲರ್ ಖರ್ಚು, ಇ-ಟಿಕೇಟಿಗೆ 1 ಡಾಲರ್ ಅನ್ನೂದು ಅವರ ಲೆಕ್ಕ. ಅಂಥಾ ಲೆಕ್ಕ ಮುಂದಿಟ್ಟಮ್ಯಾಲ ನಮ್ಮನ್ನ ಯಾರ ಕೇಳ್ತಾರ?

ಆ ಹಳೇ ಟಿಕೇಟ ನಾ ಕಣ್ಣಾರೆ ನೋಡೇನಿ. ನಮ್ಮ ಸ್ವಾದರಮಾವ 1990ರ ದಶಕದಾಗ ದುಬೈಕ್ಕ ಕೆಲಸಕ್ಕ ಹೋಗ್ತಿದ್ದ. ಚೆಕ್ ಬುಕ್ಕಿನಂಗ ಉದ್ದಾನ ಪುಸ್ತಕ, ಹಾಳಿ ಹಿಂದ ಕೆಂಪು ಕಾರ್ಬನ್, ಮುಟ್ಟಿದ್ರ ಕುಂಕಮ ಹತ್ತಿದಂಗ ಬೆರಳಿಗೆ ಹತ್ತೂದು. ಒಂದೊಂದು ವಿಮಾನಕ್ಕ ಒಂದೊಂದು ಹಾಳಿ, ಹತ್ತೂ ಮುಂದ ಆ ಹಾಳಿ ಹರಕೊಂಡು ಒಳಗ ಬಿಡತಿದ್ರು. ಅತ್ತಿ ಅದನ್ನ ಟ್ರಂಕಿನ್ಯಾಗ ಬೋರಮಾಳದ ಡಬ್ಬಿ ಬಾಜೂಕ ಇಡತಿದ್ಲು. ಇಡೂದ ಬೇಕಾಗಿತ್ತು, ಯಾಕಂದ್ರ ಆ ಕಾಗದನ ರೊಕ್ಕ. ಕಳದ್ರ ಕೈಯಾರೆ ಇನ್ನೊಂದು ಟಿಕೇಟ ಕೊಂಡು, ಹಳೇದರ ರೊಕ್ಕಕ್ಕ ಅರ್ಜಿ ಕೊಟ್ಟು ಕಾಯ್ಕೋತ ಕುಂದ್ರಬೇಕು. ಒಂದು ಮಳಿಗಾಲದಾಗ ಮಾಳಗಿ ಸೋರಿ, ಟ್ರಂಕ್ ತೊಯ್ದು, ಕಾರ್ಬನ್ನಿನ ಕೆಂಪು ಎಲ್ಲಾ ಹರದು ಹೋಗಿ ಮಾವನ ಹೆಸರ ಅಳಿಸಿತ್ತು. ಅಂವ ಮುಂಬೈಕ್ಕ ಹೋಗಿ ಆಫೀಸಿನ ಮುಂದ ಎರಡು ದಿನ ಕುಂತು ಬಂದ. ಹಿಂಗಾಗಿ ಕಾಗದದ ಟಿಕೇಟ ತಿರುಗಿ ಬರಲಿ ಅಂತ ನಾ ಅನ್ನಾಕಿ ಅಲ್ಲ.

ಆದ್ರ ಆ ಕಾಗದಕ್ಕ ಒಂದು ಗುಣಾ ಇತ್ತು. ವಿಮಾನ ರದ್ದಾದ್ರ ಕೌಂಟರಿನವ್ರು ಹಾಳಿಮ್ಯಾಲ ಬರದು, ಶಿಕ್ಕಾ ಒತ್ತಿ, ಬಾಜೂ ಏರ್‌ಲೈನ್ ಕಡೆ ಹೋಗ್ರಿ ಅಂತಿದ್ರು. ಒಪ್ಪಂದ ಇದ್ದ ಏರ್‌ಲೈನ್‌ದವ್ರು ಆ ಹಾಳಿ ಇಸ್ಕೊಂಡು ಹತ್ತಿಸ್ತಿದ್ರು, ರೊಕ್ಕದ ಲೆಕ್ಕ ಆಮ್ಯಾಲ ಅವರವರ ನಡುವ. ಹಾಳಿ ನಮ್ಮ ಕೈಯಾಗ ಇರತಿತ್ತು, ನಾವ ಒಯ್ದು ಕೊಡತಿದ್ವಿ. ಈಗ ಆ ಹಾಳಿ ಒಂದು ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರಿಗೆ ತಾನ ಹೋಗಬೇಕು. ಹೋತೋ ಇಲ್ಲೋ ನಮಗ ಕಾಣೂದಿಲ್ಲ.

ನಮ್ಮ ಮೈದುನ 2006ರಾಗ ಕಂಪನಿ ಕೆಲಸಕ್ಕ ಅಮೇರಿಕಾಕ್ಕ ಹೋದಾಗ, ಜೋಡಿ ಹೊಂಟವ್ರಿಗೆಲ್ಲಾ ಇ-ಟಿಕೇಟ ಬಂದ್ರ ಅವಂಗ ಕಾಗದದ್ದ ಬಂತು, ಅದಕ್ಕಂತ ಮ್ಯಾಲ ಬ್ಯಾರೆ ಚಾರ್ಜು. ಅಂವ ಹತ್ತೂ ಎರಡನೇ ಏರ್‌ಲೈನ್ ಜೋಡಿ ಮೊದಲನೇದವ್ರದು ಇ-ಟಿಕೇಟ ಒಪ್ಪಂದ ಇನ್ನಾ ಆಗಿರಲಿಲ್ಲಂತ. ಆವಾಗಿನ ರೀತಿ ಅದು, ಎರಡು ಕಂಪ್ಯೂಟರ್ ತಮ್ಮ ತಮ್ಮೊಳಗ ಮಾತಾಡಂಗಿಲ್ಲಂದ್ರ ಕಾಗದ ಕೊಡೂದು. ಈಗ ಮಾತಾಡತಾವ ಅಂತ ಹೇಳಿ ಕಾಗದ ತಗದಾರ. ಹೆಚ್ಚಿನ ಸಲ ಮಾತಾಡತಾವ, ಅದೂ ಖರೇ.

ಇದನ್ನ ನಮ್ಮ ಬನಹಟ್ಟಿ ಮಾತಿನ್ಯಾಗ ಹೇಳ್ತೀನಿ. ನಮ್ಮತ್ತಿಯವ್ರು ಮಾಲಕರ ಕಡೆಯಿಂದ ನೂಲು ತಂದು ಸೀರಿ ನೇದು ಕೊಡತಿದ್ರು. ಎಷ್ಟು ನೂಲು ಒಯ್ದ್ರು, ಎಷ್ಟು ಸೀರಿ ಕೊಟ್ರು, ಎಲ್ಲಾ ಮಾಲಕರ ವಹಿಯೊಳಗ. ಆದ್ರೂ ನಮ್ಮತ್ತಿ ತಾವೂ ಒಂದು ಸಣ್ಣ ವಹಿ ಇಟ್ಟಿದ್ರು. ಓದಾಕ ಬರೂದಿಲ್ಲ, ಗೀಟು ಹಾಕ್ತಿದ್ರು. ಸೀರಿಗೆ ಒಂದು ಉದ್ದ ಗೀಟು, ಇಸ್ಕೊಂಡ ರೊಕ್ಕಕ್ಕ ಒಂದು ಅಡ್ಡ ಗೀಟು. ಮಾಲಕರು ಒಳ್ಳೇವ್ರ ಇದ್ರು, ಅವರ ಮ್ಯಾಲ ಸಂಶೆ ಇರಲಿಲ್ಲ. ವಹಿ ಎರಡು ಕಡೆ ಇರಬೇಕು ಅನ್ನೂದು ನಮ್ಮತ್ತಿಯ ಹಟ. ಇ-ಟಿಕೇಟ ಅಂದ್ರ ಮಾಲಕರ ವಹಿ. ಟಿಕೇಟ ಕೊಟ್ಟ ಏರ್‌ಲೈನ್‌ನ ಕಂಪ್ಯೂಟರಿನ್ಯಾಗ ನಿಮ್ಮ ಹೆಸರಿನ ಹಾಳಿ ಇರತೈತಿ. ನಡುವಿನ ವಿಮಾನ ಬ್ಯಾರೆಯವ್ರದಿದ್ರ ಅವರ ವಹಿಯೊಳಗೂ ನಿಮ್ಮ ಹೆಸರಿಲೆ ಸೀಟು ಇರಬೇಕು, ಮತ್ತ ಮೊದಲನೇದವ್ರ ಹಾಳಿ ಅವರಿಗೆ ಕಾಣಬೇಕು. ಸೀಟು ಬ್ಯಾರೆ, ಟಿಕೇಟ ಬ್ಯಾರೆ ಅನ್ನೂದು ಅಲ್ಲೀತನಕ ನನಗ ಗೊತ್ತ ಇರಲಿಲ್ಲ ನೋಡ್ರಿ.

ನನ್ನ ಕಥಿ ಹೇಳಬೇಕಂದ್ರ, 2023ರ ನವೆಂಬರ್ ತಿಂಗಳ. ಮಗಳು ಡಲ್ಲಾಸಿನ್ಯಾಗ, ದಿನಾ ತುಂಬಿದ್ವು. ಮಗ ಬೆಂಗಳೂರಿನ್ಯಾಗ ಕುಂತು ಒಂದು ಏಜೆನ್ಸಿಯಿಂದ ಟಿಕೇಟ ತಗಸಿದ್ದ. ಬೆಂಗಳೂರಿನಿಂದ ಯುರೋಪಿನ ಒಂದು ಊರಿನ ತನಕ ಒಂದು ಏರ್‌ಲೈನ್, ಅಲ್ಲಿಂದ ಡಲ್ಲಾಸಿಗೆ ಅವರ ಪಾಲುದಾರರ ವಿಮಾನ. ಹೆಸರು ಯಾವವೂ ಬ್ಯಾಡ. ಹೊಂಟ ಮೂರು ವಾರ ಮೊದಲ, ಮೊದಲನೇ ವಿಮಾನದ ಹೊತ್ತು ಬದಲಾಗೇತಿ, ಅದಕ್ಕ ಎರಡನೇದೂ ಮುಂದಿನ ವಿಮಾನಕ್ಕ ಹಾಕೇವಿ ಅಂತ ಮೆಸೇಜ್ ಬಂದಿತ್ತಂತ. ಮಗ ಒಪ್ಪಿಗಿ ಅಂತ ಒತ್ತಿದ್ದ. ನನಗ ಹೊಸಾ ಹೊತ್ತು ಅಷ್ಟ ಹೇಳಿದ.

ನಾ ಬನಹಟ್ಟಿಯಿಂದ ಸ್ಲೀಪರ್ ಬಸ್ಸಿಗೆ ಹೊಂಟ್ನಿ. ಎರಡು ದೊಡ್ಡ ಬ್ಯಾಗ ತುಂಬ ಅಂಟಿನ ಉಂಡಿ, ಗುರೆಳ್ಳ ಚಟ್ನಿ, ಕುಲಾಯಿ, ಎರಡು ಕೌದಿ. ಬೆಂಗಳೂರು ವಿಮಾನ ನಿಲ್ದಾಣದ ಬಾಗಲಾಗ ಜವಾನ ಟಿಕೇಟ ತೋರಸ್ರಿ ಅಂದ. ಟಿಕೇಟ ಎಲ್ಲೈತಿ? ಮಗನ ಫೋನಿನ್ಯಾಗ. ಮಗನ್ನ ಒಳಗ ಬಿಡೂದಿಲ್ಲ. ಮಗ ಹೊರಗ ನಿಂತ ಕೈ ಚಾಚಿ ಫೋನ್ ತೋರಿಸಿದ, ಜವಾನ ಒಮ್ಮೆ ಫೋನ್ ನೋಡಿದ, ಒಮ್ಮೆ ನನ್ನ ಪಾಸ್‌ಪೋರ್ಟ್ ನೋಡಿದ, ಹೋಗ್ರಿ ಅಂದ. ನಾ ಒಳಗ ಹೋದ್ನಿ, ಟಿಕೇಟ ಮಗನ ಕಿಸೆದಾಗ ಮನಿಗೆ ಹೋತು. ಆವಾಗ ನಗು ಬಂದಿತ್ತು.

ನನ್ನ ಕೈಯಾಗ ಏಜೆನ್ಸಿಯವ್ರದು ಒಂದು ಹಾಳಿ ಇತ್ತು, ಬಣ್ಣ ಬಣ್ಣದ ಚಿತ್ರ, ಯಾವ ಊರಿಂದ ಯಾವ ಊರಿಗೆ ಅಂತ. ಅದನ್ನ ನಾ ಟಿಕೇಟ ಅಂತ ತಿಳದಿದ್ನಿ. ಕೌಂಟರಿನ್ಯಾಗ ಬ್ಯಾಗಿಗೆ ಡಲ್ಲಾಸಿನ ತನಕ ಚೀಟಿ ಹಚ್ಚಿದ್ರು, ಆದ್ರ ಬೋರ್ಡಿಂಗ್ ಪಾಸ್ ಒಂದ ಕೊಟ್ರು. ಎರಡನೇದು ಅಲ್ಲಿ ಇಳದಮ್ಯಾಲ ತಗೋರಿ ಅಂದ್ರು. ಯಾಕ ಅಂತ ಕೇಳಾಕ ಹೊಳೀಲಿಲ್ಲ.

ಅಲ್ಲಿ ಇಳದು, ಕೇಳ್ಕೋತ ಕೇಳ್ಕೋತ ಎರಡನೇ ಏರ್‌ಲೈನ್‌ನ ಟೇಬಲ್ಲಿಗೆ ಹೋದ್ನಿ. ಹುಡಿಗಿ ಪಾಸ್‌ಪೋರ್ಟ್ ಇಸ್ಕೊಂಡ್ಲು, ಟಕಟಕ ಒತ್ತಿದ್ಲು, ಹುಬ್ಬು ಗಂಟ ಹಾಕಿದ್ಲು. "ನೇಮ್ ಈಸ್ ದೇರ್. ಟಿಕೆಟ್ ಈಸ್ ನಾಟ್ ದೇರ್." ಅಷ್ಟು ಇಂಗ್ಲಿಷ್ ನನಗ ತಿಳೀತೈತಿ. ಬಣ್ಣದ ಹಾಳಿ ಕೊಟ್ನಿ. ಅದರಾಗ ಇದ್ದದ್ದು ಏಜೆನ್ಸಿಯ ನಂಬರು, ಆಕಿಗೆ ಅದರಿಂದ ಏನೂ ಆಗೂದಿಲ್ಲಂತ. ಟಿಕೇಟ ಕೊಟ್ಟವ್ರ ಕಡೆ ಹೋಗ್ರಿ ಅಂದ್ಲು. ಅವರು ಇನ್ನೊಂದು ಕಟ್ಟಡದಾಗ, ಅಲ್ಲಿಗೆ ಹೋಗಾಕ ಸಣ್ಣ ರೈಲು ಹತ್ತಬೇಕು. ನನ್ನ ಫೋನಿಗೆ ಹೊರದೇಶದ ಪ್ಯಾಕ್ ಹಾಕಿಸಿರಲಿಲ್ಲ. ಡಲ್ಲಾಸಿನ್ಯಾಗ ಇಳದಮ್ಯಾಲ ಅಳಿಯ ಸಿಮ್ ಕೊಡತಾನ ಅಂತ ಬಿಟ್ಟಿದ್ವಿ. ನಿಲ್ದಾಣದ ವೈಫೈ ಏನೇನೋ ತುಂಬರಿ ಅಂತಿತ್ತು. ಕೈ ನಡಗಾಕ ಹತ್ತಿ ಅಕ್ಷರ ಸರಿ ಒತ್ತಾಕ ಆಗವಲ್ದು.

ಖುರ್ಚಿಮ್ಯಾಲ ಕುಂತ್ನಿ. ಕೌದಿ, ಉಂಡಿ ಎಲ್ಲಾ ಬ್ಯಾಗಿನ ಜೋಡಿ ಡಲ್ಲಾಸಿಗೆ ಹೋಗ್ತಾವ, ನಾ ಅಷ್ಟ ಇಲ್ಲಿ ಅಂತ ಅನಿಸಿ ಕಣ್ಣೀರ ಬಂತು. ಬಾಜೂ ಕುಂತಾಕಿ ಒಬ್ಬಾಕಿ ಮಲಯಾಳಿ ನರ್ಸ್. ಆಕಿಗೆ ಕನ್ನಡ ಬರೂದಿಲ್ಲ, ನನಗ ಮಲಯಾಳಂ ಬರೂದಿಲ್ಲ, ಹರಕ ಮುರಕ ಹಿಂದಿಯಾಗ ಕೇಳಿದ್ಲು. ತನ್ನ ಫೋನಿನಿಂದ ನನ್ನ ಫೋನಿಗೆ ನೆಟ್ ಕೊಟ್ಲು. ಮಗ ಗಾಬರಿ ಆಗಿ ಇಮೇಲ್ ಎಲ್ಲಾ ಹುಡಿಕಿ, ಏರ್‌ಲೈನ್‌ದವ್ರು ಕಳಿಸಿದ್ದ ಇ-ಟಿಕೇಟ ರಸೀದಿ ತಗದು, ಅದರಾಗಿನ 13 ಅಂಕಿ ಓದಿದ. ನಾ ಬೋರ್ಡಿಂಗ್ ಪಾಸಿನ ಹಿಂದ ಬರಕೊಂಡು ಒಯ್ದು ಕೊಟ್ನಿ.

ಆ 13 ಅಂಕಿ ಒತ್ತಿದ ಮ್ಯಾಲ ಹುಡಿಗಿಗೆ ಹಾಳಿ ಸಿಕ್ತು. ಹಾಳಿಮ್ಯಾಲ ಇದ್ದದ್ದು ಹಳೇ ವಿಮಾನ! ಸೀಟು ಹೊಸಾ ವಿಮಾನಕ್ಕ ಹೋಗಿತ್ತು, ಟಿಕೇಟ ಹಳೇದಕ್ಕ ಕುಂತಿತ್ತು. ಹೊತ್ತು ಬದಲಾದಾಗ ಟಿಕೇಟ ತಿರುಗಿ ಬರದು ಕೊಡಬೇಕಾಗಿತ್ತು, ಯಾರೋ ಕೊಟ್ಟಿರಲಿಲ್ಲ. ಆಕಿ ಮೊದಲನೇ ಏರ್‌ಲೈನ್‌ಕ ಫೋನ್ ಹಚ್ಚಿ ಕಾಲು ತಾಸು ಮಾತಾಡಿದ್ಲು, ಅವರು ಅಲ್ಲಿಂದ ಸರಿ ಮಾಡಿದ್ರು, ಮಷಿನಿನಿಂದ ಬೋರ್ಡಿಂಗ್ ಪಾಸ್ ಹೊರಗ ಬಂತು. ವಿಮಾನ ಹತ್ತಿದಾಗ ನಾ ಕಡೀ ಮನಷಾಳ. ನರ್ಸಿನ ಹೆಸರು ಕೇಳೂದ ಮರತಿದ್ನಿ, ಇವತ್ತೂ ಮನಸಿಗೆ ಹತ್ತತೈತಿ.

ಡಲ್ಲಾಸಿನ ತನಕ ನಿದ್ದಿ ಬರಲಿಲ್ಲ. ಏರ್‌ಲೈನ್‌ದವ್ರ ಮ್ಯಾಲ ಸಿಟ್ಟು ಬಂದಿತ್ತು, ಅದು ಬ್ಯಾರೆ. ಹೆಚ್ಚಿಗಿ ಸಿಟ್ಟು ಬಂದದ್ದು ನನ್ನ ಮ್ಯಾಲ. ಮೂವತ್ತು ವರ್ಷ ಮಗ್ಗದ ಮನಿ ಲೆಕ್ಕ ಇಟ್ಟಾಕಿ, ಬ್ಯಾಂಕಿನ ಪಾಸ್‌ಬುಕ್ಕಿನ್ಯಾಗ ಹತ್ತು ರೂಪಾಯಿ ಕಡಿಮಿ ಬಿದ್ರ ಮ್ಯಾನೇಜರನ್ನ ಕೇಳಾಕಿ, ಸಮುದ್ರ ದಾಟೂ ಹೊತ್ತಿನ್ಯಾಗ ಕೈಯಾಗ ಒಂದು ನಂಬರ ಇಲ್ಲದ ಹೊಂಟಿದ್ನಿ. ಯಾಕಂದ್ರ ಮಗ ನೋಡಕೋತಾನ ಅಂತ. ಒಮ್ಮೆ ನಮ್ಮ ಮನಿಗಳನ್ನ ನೋಡ್ರಿ. ನಮ್ಮ ಆಧಾರಿಗೆ ಹಚ್ಚಿದ ಮೊಬೈಲ್ ನಂಬರ ಮನಿಯವ್ರದು. ಗ್ಯಾಸಿನ ಓಟಿಪಿ ಮಗಗ ಬರತೈತಿ. ಪಾಸ್‌ಪೋರ್ಟ್ ಕಪಾಟಿನ್ಯಾಗ, ಕೀಲಿ ಅವರ ಕಡೆ. ಯಾರೂ ಕೆಟ್ಟವ್ರಲ್ಲ, ಎಲ್ಲಾರೂ ನಮಗ ತ್ರಾಸ ಆಗಬಾರದಂತ ಮಾಡಾವ್ರ. ಆದ್ರ ವಿಮಾನ ನಿಲ್ದಾಣದ ಬಾಗಲ ದಾಟಿದ ಮ್ಯಾಲ ಅವರು ಯಾರೂ ನಮ್ಮ ಜೋಡಿ ಬರೂದಿಲ್ಲ.

ಶಕ್ತಿ ಯೋಜನಾ 2023ರ ಜೂನ್ 11ಕ್ಕ ಸುರು ಆತು. ಜಮಖಂಡಿಗೆ ನಮ್ಮದು ಪುಕ್ಕಟ ಪ್ರಯಾಣ. ಆ ಪುಕ್ಕಟ ಪ್ರಯಾಣಕ್ಕೂ ಕಂಡಕ್ಟರ್ ಸೊನ್ನಿ ರೂಪಾಯಿ ಟಿಕೇಟ ಹರದು ನಮ್ಮ ಕೈಯಾಗ ಕೊಡತಾನ. ಲಕ್ಷಗಟ್ಟಲೆ ರೊಕ್ಕ ಕೊಟ್ಟ ಪ್ರಯಾಣಕ್ಕ ಮಾತ್ರ ಕೈಯಾಗ ಏನೂ ಬ್ಯಾಡಂತ!

ಹಂಗಾದ್ರ ಏನು ಕೇಳಬೇಕು? ಮಗಗ, ಅಳಿಯಗ, ಏಜೆಂಟಗ ಯಾರಿಗಾದ್ರೂ ಸೈ, ಇ-ಟಿಕೇಟ ರಸೀದಿ ಕೊಡ್ರಿ ಅಂತ ಕೇಳ್ರಿ. ಪ್ರಯಾಣದ ಪಟ್ಟಿ ಕೊಟ್ರ ತಗೋರಿ, ಆದ್ರ ಅದು ಟಿಕೇಟ ಅಲ್ಲ. ಖರೇ ರಸೀದಿಮ್ಯಾಲ 13 ಅಂಕಿ ಇರತಾವ. ಮೊದಲಿನ ಮೂರು ಅಂಕಿ ಟಿಕೇಟ ಯಾರ ವಹಿಯೊಳಗ ಐತಿ ಅಂತ ಹೇಳ್ತಾವ. 098 ಇದ್ರ ಏರ್ ಇಂಡಿಯಾ, 176 ಇದ್ರ ಎಮಿರೇಟ್ಸ್, 220 ಇದ್ರ ಲುಫ್ತಾನ್ಸಾ. ತಕರಾರು ಬಂದಾಗ ಹೋಗಿ ನಿಂದರಬೇಕಾದ್ದು ಆ ನಂಬರಿನವ್ರ ಮುಂದ. ಎರಡನೇದು, ರಸೀದಿಯೊಳಗ ಒಂದೊಂದು ವಿಮಾನದ ಕೆಳಗ ಅದನ್ನ ಖರೇ ಯಾರು ಹಾರಸ್ತಾರ ಅಂತ ಸಣ್ಣ ಅಕ್ಷರದಾಗ ಬರದಿರತಾರ. ಏರ್ ಇಂಡಿಯಾ 2014ರ ಜುಲೈ 11ಕ್ಕ ಸ್ಟಾರ್ ಅಲಯನ್ಸ್ ಅನ್ನೂ ಗುಂಪಿಗೆ ಸೇರೇತಿ, ಲುಫ್ತಾನ್ಸಾ, ಯುನೈಟೆಡ್ ಎಲ್ಲಾ ಅದ ಗುಂಪಿನ್ಯಾಗ ಅದಾವ. ಹಿಂಗಾಗಿ ಒಬ್ಬರ ಟಿಕೇಟಿನ್ಯಾಗ ಇನ್ನೊಬ್ಬರ ವಿಮಾನ ಬರೂದು ಸಾಮಾನ್ಯ, ಅದರಾಗ ಮೋಸ ಏನಿಲ್ಲ. ಯಾರ ವಿಮಾನ ಹಾರತೈತೋ ಅವರ ಕೌಂಟರಿಗೆ ಹೋಗಬೇಕು, ಇಷ್ಟ ತಿಳದಿದ್ರ ಸಾಕು.

ಇನ್ನ ಆರು ಅಕ್ಷರದ ಪಿಎನ್‌ಆರ್. ಇದು ಒಂದ ಇರತೈತಿ ಅಂತ ನಾವು ತಿಳದಿರತೀವಿ. ಎರಡು ಏರ್‌ಲೈನ್ ಇದ್ರ ಹೆಚ್ಚಾಗಿ ಎರಡು ಇರತಾವ, ಒಬ್ಬರದು ಇನ್ನೊಬ್ಬರ ಕಡೆ ನಡ್ಯೂದಿಲ್ಲ. ಎರಡನೇದವ್ರದು ಏನಂತ ಕೇಳಿ ಬರಕೋರಿ. ಅದನ್ನ ಹಾಕಿ ಹೊಂಟ ಎರಡು ದಿನ ಮೊದಲ ಅವರ ವೆಬ್‌ಸೈಟಿನ್ಯಾಗ ನಿಮ್ಮ ಹೆಸರು ತಗಸ್ರಿ. ಹೆಸರು ಬಂತು, ಟಿಕೇಟ ನಂಬರೂ ಕಂಡ್ತು ಅಂದ್ರ ನಿದ್ದಿ ಮಾಡ್ರಿ. ಹೆಸರಷ್ಟ ಕಂಡ್ರ ಅವತ್ತ ಫೋನ್ ಹಚ್ಚಸ್ರಿ. ಹೊತ್ತು ಬದಲಾಗೇತಿ ಅಂತ ಮೆಸೇಜ್ ಬಂದ್ರ ಅಂತೂ ಹೊಸಾ ರಸೀದಿ ಬರೂತನಕ ಮಗನ ಬೆನ್ನ ಬಿಡಬ್ಯಾಡ್ರಿ. ಹಳೇ ವಿಮಾನದ ರಸೀದಿ ಹಿಡಕೊಂಡು ಹೊಸಾ ವಿಮಾನಕ್ಕ ಹೋದ್ರ ನನ್ನಂಗ ಆಗತೈತಿ.

ಒಂದ ಟಿಕೇಟಿನ್ಯಾಗ ಎರಡು ವಿಮಾನ ಇರೂದು ಬ್ಯಾರೆ, ಸೋವಿ ಅಂತ ಎರಡು ಬ್ಯಾರೆ ಬ್ಯಾರೆ ಟಿಕೇಟ ತಗೊಂಡಿರೂದು ಬ್ಯಾರೆ. ಒಂದ ಇದ್ರ ಮೊದಲನೇ ವಿಮಾನ ತಡಾ ಆಗಿ ಎರಡನೇದು ತಪ್ಪಿದ್ರ ಅವರ ಮುಂದಿನದಕ್ಕ ಹತ್ತಿಸ್ತಾರ. ಎರಡು ಇದ್ರ ತಪ್ಪಿದ್ದು ನಿಮ್ಮ ಲುಕ್ಸಾನ, ಬ್ಯಾಗೂ ನಡುವ ಇಳಿಸಿಕೊಂಡು ತಿರುಗಿ ಕೊಡಬೇಕಾಗತೈತಿ. ನಾಕೈದು ಸಾವಿರ ಉಳೀತೈತಿ ಅಂತ ಮಕ್ಕಳು ಹಿಂಗ ಮಾಡತಾರ. ಅವರಿಗೆ ವಯಸೈತಿ, ಓಡತಾರ. ನಮ್ಮ ಮೊಣಕಾಲಿಗೆ ಅದು ಸೋವಿ ಅಲ್ಲ. ಇನ್ನೊಂದು ಮಾತು, ಬ್ಯಾಗಿಗೆ ಹಚ್ಚಿದ ಚೀಟಿಯ ತುಂಡು ಕೊಡತಾರಲ್ಲ, ಅದನ್ನ ಬೋರ್ಡಿಂಗ್ ಪಾಸ್ ಹರದಂಗ ಹರದು ಒಗಿಬ್ಯಾಡ್ರಿ. ಬ್ಯಾಗ ಸಿಗಲಿಲ್ಲಂದ್ರ ಅದ ಒಂದ ಆಧಾರ.

ನಮ್ಮ ಮನಿಯವ್ರು ಇದನ್ನ ಓದಿ, "ನಿನ್ನ ಕಥಿಯೊಳಗ ಉಳಿಸಿದ್ದು ಫೋನ ಹೊರತು ಕಾಗದ ಅಲ್ಲ" ಅಂದ್ರು. ಖರೇ ಐತಿ. ನರ್ಸಿನ ಫೋನ್ ಇರಲಿಲ್ಲಂದ್ರ ನಾ ಅಲ್ಲೇ ಕುಂದ್ರತಿದ್ನಿ. ಫೋನ್ ಬ್ಯಾಡ ಅಂತ ನಾ ಎಲ್ಲಿ ಅಂದೀನಿ? ಸಂತಿಯಾಗ ಕೊತ್ತಂಬ್ರಿಗೂ ಫೋನ್‌ಪೇ ಮಾಡಾಕಿ ನಾ. ಫೋನ್ ನನ್ನದಿರಬೇಕು, ಅದರಾಗ ಹೊರದೇಶದ ಪ್ಯಾಕ್ ಇರಬೇಕು, ರಸೀದಿ ನೆಟ್ ಇಲ್ಲದನೂ ತಗಿಯೂಹಂಗ ಇರಬೇಕು, ಮ್ಯಾಲ ಹಾಳಿನೂ ಇರಬೇಕು. ಹಾಳಿಗೆ ಚಾರ್ಜ್ ಹಾಕಬೇಕಾಗಿಲ್ಲ. ಹಾಳಿಯನ್ನ ಕೌಂಟರಿನ ಹುಡಿಗಿ ಕಡೆ ತಿರುಗಿಸಿ ಬೆರಳ ಇಟ್ಟು ತೋರಸಾಕ ಇಂಗ್ಲಿಷೂ ಬೇಕಾಗಿಲ್ಲ. ಹೋಗಿ ಬರಾಕ ನನಗ ಐದು ತಿಂಗಳ ಆತು. ಬರೂ ಮುಂದ ಮಗಳು ಎರಡೂ ಏರ್‌ಲೈನ್‌ನ ನಂಬರ ದಪ್ಪ ಅಕ್ಷರದಾಗ ಬರದು ಪ್ಲಾಸ್ಟಿಕ್ ಪಾಕೀಟಿನ್ಯಾಗ ಹಾಕಿ ಕೊಟ್ಟಿದ್ಲು. ಎಲ್ಲೂ ಯಾರೂ ಕೇಳಲಿಲ್ಲ. ಕೇಳಲಿಲ್ಲಂತ ಒಯ್ದದ್ದು ದಂಡ ಆಗಲಿಲ್ಲ, ಆ ಊರಿನ್ಯಾಗ ಇಳದಾಗ ನಾ ನಿಶ್ಚಿಂತಿಲೆ ಒಂದು ಚಾ ಕುಡದ್ನಿ. ಚಾ ನೀರ ನೀರ ಇತ್ತು, ಆ ಮಾತು ಬ್ಯಾರೆ.

ಹಿಂದಿನ ಮನಿ ವೈನಿ ಮಗ ಪಾಪ, ಮರುದಿನ ಸಂಜಿಕ ತಾನ ಬಂದ. ಅವರ ಟಿಕೇಟಿನ್ಯಾಗೂ ಎರಡು ಏರ್‌ಲೈನ್ ಅದಾವ. ಎರಡನೇದವ್ರ ಪಿಎನ್‌ಆರ್ ಅವನ ಕಡೆ ಇರಲಿಲ್ಲ, ಏಜೆಂಟಗ ಫೋನ್ ಮಾಡಿ ಇಸ್ಕೊಂಡ. ಜೆರಾಕ್ಸ್ ಅಂಗಡಿಯಾಗ ಎರಡು ಪ್ರತಿ ತಗಸಿ, ಒಂದು ವೈನಿ ಪರ್ಸಿಗೆ, ಒಂದು ಕೈಚೀಲಕ್ಕ. ವೈನಿ ಕಟ್ಟಿಮ್ಯಾಲ ಕುಂತು ಆ 13 ಅಂಕಿ ಒಂದೊಂದ ಬೆರಳ ಇಟ್ಟು ಓದಿದ್ರು, ಎರಡು ಸಲ. ಮುಂದಿನ ತಿಂಗಳ ಹತ್ತಕ್ಕ ಹೊಂಟಾರ. ಕೌದಿಗೆ ಇನ್ನಾ ಒಂದು ಪದರ ಕಡಿಮಿ ಬಿದ್ದೈತಿ, ಯಾರ ಮನಿಯಾಗರೆ ಮೆತ್ತಗಾದ ಹಳೇ ಕಾಟನ್ ಸೀರಿ ಇದ್ರ ನಮ್ಮ ಮನಿಗೆ ಕಳಸ್ರಿ.